ಸಾಲಿಗೆ ಬಂದ ರೊಕ್ಕ, ಮನಿಗೆ ಬಂದ ಅಕ್ಷರ: ನಮ್ಮ ಭಾಗದ ಲೆಕ್ಕ

📍 ಚಂದಾಪುರ, ಚಿಂಚೋಳಿ ತಾಲೂಕು

ಭಾಗ 1/10: 42.43

ದೋಸ್ತರೆ, ಈ ನಂಬರ್ ನೆನಪದ ಏನು? 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ. 42.43. ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳೊಳಗ 35ನೇ ಸ್ಥಾನ. ಮೊದಲನೇ ಸ್ಥಾನದ ದಕ್ಷಿಣ ಕನ್ನಡ ಶೇ. 91.12. ಅಂದ್ರ ಅಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿ ಪಾಸು, ಇಲ್ಲಿ ಹತ್ತರಲ್ಲಿ ನಾಲ್ಕು.

ಆ ವಾರ ಎಷ್ಟು ಮೀಮ್ಸ್ ಬಂದವು ಅನ್ನೋದು ನಿಮಗೂ ಗೊತ್ತು. "ಕಲಬುರಗಿ ಮಂದಿಗೆ ಓದೋದು ಎಲ್ಲಿ ಬರ್ತದ" ಅಂತ ಹೊರಗಿನವರು ಅಂದ್ರು. ನಮ್ಮವರೂ ಕೆಲವರು ಅದನ್ನೇ ಶೇರ್ ಮಾಡಿ ನಕ್ರು. "ಕ್ಯಾಮೆರಾ ಹಾಕಿದ್ದಕ್ಕ ಹಿಂಗಾಯ್ತು" ಅಂದವರೂ ಇದ್ದಾರೆ. ಕ್ಯಾಮೆರಾ ಫಲಿತಾಂಶ ಇಳಿಸಿರಬಹುದು, ಒಪ್ಪೋಣ. ಆದರೆ ಓದು ಯಾಕೆ ಕಡಿಮೆ ಇತ್ತು ಅನ್ನೋದಕ್ಕೆ ಅದು ಉತ್ತರ ಅಲ್ಲ.

ಉತ್ತರ ಬೇಕಂದ್ರ ಹಿಂದಕ್ಕ ಹೋಗಬೇಕು. ನಮ್ಮ ಊರುಗಳಲ್ಲಿ ಸಾಲಿಗೆ ರೊಕ್ಕ ಯಾರು ಕೊಟ್ರು, ಯಾವಾಗ ಕೊಟ್ರು, ಯಾರ ಮಕ್ಕಳಿಗೆ ಕೊಟ್ರು? ಕೊಟ್ಟದ್ದು ಅಕ್ಷರ ಆಗಿ ಮನಿಗೆ ಮುಟ್ಟಿತೋ ಇಲ್ಲೋ? ಈ ಹತ್ತು ಪೋಸ್ಟ್‌ಗಳಲ್ಲಿ ಇದೇ ಲೆಕ್ಕ ನೋಡೋಣ. ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಎಲ್ಲಾ ಕಡೆ ಸ್ವಲ್ಪ ತಿರುಗಾಡೋಣ. ಒಂದು ಮಾತು ಮೊದಲೇ ಹೇಳ್ತೀನಿ: ಇದು ಅಳೋ ಸರಣಿ ಅಲ್ಲ, ಲೆಕ್ಕ ಕೇಳೋ ಸರಣಿ.

ಸೇವ್ ಮಾಡ್ಕೊಳ್ರಿ, ಮುಂದಿನದು ಸಾವಿರ ವರ್ಷ ಹಿಂದಿನದು 👇

#ಕಲ್ಯಾಣಕರ್ನಾಟಕ #ಚಿಂಚೋಳಿ #ನಮ್ಮಸಾಲಿ

———

ಭಾಗ 2/10: ನಾಗಾವಿಯ ಲೈಬ್ರರಿಯನ್ನರು

"ನಿಮ್ಮ ಕಡೆ ಮೊದಲಿಂದಲೂ ಓದಿಲ್ಲ" ಅಂದವರಿಗೆ ಈ ಪೋಸ್ಟ್ ಕಳಿಸ್ರಿ.

ಚಿತ್ತಾಪುರದ ಪಕ್ಕದಲ್ಲೇ ನಾಗಾವಿ ಅದ. ನಮಗೆಲ್ಲಾ ಅದು ಯಲ್ಲಮ್ಮನ ಗುಡಿ, ಜಾತ್ರಿ ಅಂತ ಗೊತ್ತು. ಅಲ್ಲೇ ಅರವತ್ತು ಕಂಬದ ಗುಡಿ ಅದ, ಹಾಳುಬಿದ್ದ ಮಂಟಪಗಳು ಅವ. ಹನ್ನೊಂದನೇ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇದು ಘಟಿಕಾಸ್ಥಾನ. ಇವತ್ತಿನ ಮಾತಿನಲ್ಲಿ ರೆಸಿಡೆನ್ಶಿಯಲ್ ಕಾಲೇಜು. 1058ರ ಶಾಸನ ಇಲ್ಲಿನ ವ್ಯವಸ್ಥೆ ಹೇಳುತ್ತದೆ: ವೇದ ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರ ಓದುವ ಐವತ್ತರಷ್ಟು ಮಂದಿ, ಅವರಿಗೆ ಕಲಿಸುವವರು, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಅಂದ್ರ ಪುಸ್ತಕ ಭಂಡಾರ ನೋಡಿಕೊಳ್ಳುವವರು, ಲೈಬ್ರರಿಯನ್ನರು. ಇವರೆಲ್ಲರ ಊಟ-ವಸತಿ-ಸಂಬಳಕ್ಕೆ ಭೂಮಿ ದತ್ತಿ ಇತ್ತು.

ಇನ್ನೂ ಹಿಂದಕ್ಕ ಹೋದ್ರ ಸೇಡಂ ತಾಲೂಕಿನ ಮಳಖೇಡ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಅದೇ ರಾಜನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಗಣಿತದಲ್ಲಿ ಫೇಲ್ ಆದವರು ಹೆಚ್ಚು ಅಂತ ನಗುವ ಜಿಲ್ಲೆಯಲ್ಲೇ!

ಆದರೆ ಹೆಮ್ಮೆ ಪಡುವಾಗ ಒಂದು ಕಣ್ಣು ತೆರೆದಿರಲಿ. ನಾಗಾವಿಯ ಆ ಇನ್ನೂರೈವತ್ತು ಸೀಟು ಎಲ್ಲರಿಗೂ ತೆರೆದ ಸೀಟು ಅಲ್ಲ. ಹೊಲ ಊಳುವವನ ಮಗ, ಕಲ್ಲು ಒಡೆಯುವವನ ಮಗಳು ಅಲ್ಲಿ ಕೂತು ವೇದ ಓದಲಿಲ್ಲ. ಸಾರ್ವಜನಿಕ ಸಂಪತ್ತು ಓದಿಗೆ ಹೋಯ್ತು, ಸಾರ್ವಜನಿಕರಿಗೆ ಓದು ಹೋಗಲಿಲ್ಲ. ಈ ಸಾಲು ನೆನಪಿಟ್ಕೊಳ್ರಿ, ಮುಂದೆ ಮತ್ತೆ ಮತ್ತೆ ಬರ್ತದ.

#ನಾಗಾವಿ #ಮಳಖೇಡ #ಚಿತ್ತಾಪುರ

———

ಭಾಗ 3/10: ಕಾಲೇಜು ಅರಮನೆಯಂಗ, ಊರಾಗ ಸಾಲಿ ಇಲ್ಲ

ಈಗ ನಿಜಾಮರ ಕಾಲ. ಕಲಬುರಗಿ, ಬೀದರ, ರಾಯಚೂರು, ಮೂರೂ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು.

ಇಲ್ಲಿ ಎರಡು ಸಮಸ್ಯೆ ಒಟ್ಟಿಗೆ ಇದ್ದವು.

ಒಂದು, ಭಾಷೆ. ಆಡಳಿತದ ಭಾಷೆ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆ ಆಯ್ತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ದೊಡ್ಡ ಪ್ರಯೋಗ ಅದು, ಅದನ್ನ ಸಣ್ಣದು ಮಾಡಬಾರದು. ವಿಜ್ಞಾನ, ಕಾನೂನು, ವೈದ್ಯಕೀಯ ಎಲ್ಲಾ ಉರ್ದುವಿನಲ್ಲಿ ಕಲಿಸಿದರು. ಆದರೆ ಆ ಭಾಷೆ ಚಿಂಚೋಳಿಯ ರೈತನ ಮನೆಯ ಭಾಷೆ ಆಗಿರಲಿಲ್ಲ. ಕನ್ನಡದಲ್ಲಿ ನಾಲ್ಕು ಇಯತ್ತೆ ಓದಿದ ಹುಡುಗ ಮುಂದಕ್ಕ ಹೋಗಬೇಕಂದ್ರ ಭಾಷೆಯನ್ನೇ ಬದಲಿಸಬೇಕಿತ್ತು. ಅಲ್ಲಿಗೆ ಬಹಳ ಮಂದಿ ಸಾಲಿ ಬಿಟ್ಟರು.

ಎರಡು, ಜಾಗೀರು. ಸಂಸ್ಥಾನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ನೇರವಾಗಿ ಸರ್ಕಾರದ ಕೈಯಲ್ಲಿ ಇರಲಿಲ್ಲ. ಜಾಗೀರದಾರರು, ಪಾಯಗಾಗಳು, ನಿಜಾಮರ ಸ್ವಂತ ಸರ್ಫ್-ಎ-ಖಾಸ್ ಹಿಡುವಳಿ. ಕಂದಾಯ ವಸೂಲಿ ಅವರದು. ಅಲ್ಲಿ ಸಾಲಿ ತೆರೆಯೋದು ಜಾಗೀರದಾರನ ಮನಸ್ಸಿಗೆ ಬಿಟ್ಟದ್ದು. ಮನಸ್ಸು ಬಂದ್ರ ಸಾಲಿ, ಇಲ್ಲಂದ್ರ ಇಲ್ಲ.

ಹೈದರಾಬಾದಿಗೆ ಹೋದವರು ಉಸ್ಮಾನಿಯಾದ ಆರ್ಟ್ಸ್ ಕಾಲೇಜು ನೋಡಿರ್ತೀರಿ. ಗುಲಾಬಿ ಗ್ರಾನೈಟ್, ಎತ್ತರದ ಕಮಾನು, ಅರಮನೆಯಂಗ. 1939ರಲ್ಲಿ ಅದರ ಉದ್ಘಾಟನೆ. ಅದೇ ಹೊತ್ತಿನಲ್ಲಿ ಅದೇ ರಾಜ್ಯದ ಸಾವಿರಾರು ಹಳ್ಳಿಗಳಲ್ಲಿ ಒಂದು ಕೋಣೆಯ ಸಾಲಿಯೂ ಇರಲಿಲ್ಲ. ಖರ್ಚು ಮಾಡಲಿಲ್ಲ ಅಂತಲ್ಲ. ಮೇಲೆ ಮಾಡಿದರು, ಕೆಳಗೆ ಮಾಡಲಿಲ್ಲ.

ಹೋಲಿಕೆಗೆ ಒಂದು ವಿಷಯ. ಪಕ್ಕದ ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾಯಿದೆ ತಂದಿತು, ಹಂತ ಹಂತವಾಗಿ. ಪೂರ್ತಿ ಯಶಸ್ಸು ಆಗಲಿಲ್ಲ, ಆದರೆ ಆರಂಭ ಆಯ್ತು. ನಮ್ಮ ಕಡೆ ಅಂಥ ಆರಂಭ ನಿಜಾಮರ ಆಳ್ವಿಕೆ ಮುಗಿದ ಮೇಲೆಯೇ. ಸುಮಾರು ನಲವತ್ತು ವರ್ಷದ ಅಂತರ. ಒಂದೂವರೆ ತಲೆಮಾರು!

#ಹೈದರಾಬಾದ್ಕರ್ನಾಟಕ #ಇತಿಹಾಸ

———

ಭಾಗ 4/10: ಜೋಳಿಗೆ ಹಿಡಿದು ಕಟ್ಟಿದ ಸಾಲಿಗಳು

ಸರ್ಕಾರ ಕೊಡದಿದ್ರ ಮಂದಿ ಏನು ಮಾಡಿದರು? ತಾವೇ ಕಟ್ಟಿದರು.

1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ಶುರುವಾಯ್ತು. 1934ರಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘ, ಆಗಿನ ಪೀಠಾಧಿಪತಿ ದೊಡ್ಡಪ್ಪ ಅಪ್ಪ ಅವರ ಮುಂದಾಳತ್ವದಲ್ಲಿ. ಗಮನಿಸ್ರಿ, ಆ ಸಂಸ್ಥೆ ಹೆಣ್ಣುಮಕ್ಕಳ ಓದಿಗೂ ಬಾಗಿಲು ತೆರೆಯಿತು. ಆ ಕಾಲಕ್ಕ ಅದು ಸಣ್ಣ ಮಾತಲ್ಲ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದರು. ದಾಸೋಹದ ನಾಡು ನಮ್ಮದು. ಮಠಕ್ಕ ಬಂದ ಜೋಳ, ಕಾಣಿಕೆ, ವ್ಯಾಪಾರಿಗಳ ದೇಣಿಗೆ ಸಾಲಿಯ ಗೋಡೆ ಆಯ್ತು.

ಆದರೆ ಇದೂ ಸಲೀಸಾಗಿ ಆಗಲಿಲ್ಲ. 1920ರ ದಶಕದಲ್ಲಿ ಖಾಸಗಿ ಸಾಲಿ ತೆರೆಯಲು ಸರ್ಕಾರದ ಅನುಮತಿ ಕಡ್ಡಾಯ ಮಾಡಿದರು. ಸಾರ್ವಜನಿಕ ಸಭೆಗೂ ಅನುಮತಿ ಬೇಕು ಅನ್ನುವ ಕುಖ್ಯಾತ 'ಗಷ್ತಿ ನಿಶಾನ್ 53' ಆದೇಶ ಬಂತು. ಜನ ಸೇರಿದ್ರ ರಾಜಕೀಯ ಮಾಡ್ತಾರ ಅನ್ನೋ ಭಯ. ಕನ್ನಡ ಸಾಲಿ ತೆರೆಯೋದೇ ಒಂದು ಹೋರಾಟ ಆಯ್ತು.

1938ರಲ್ಲಿ ಉಸ್ಮಾನಿಯಾದಲ್ಲಿ 'ವಂದೇ ಮಾತರಂ' ಹಾಡಿದ ವಿದ್ಯಾರ್ಥಿಗಳನ್ನ ಹೊರಹಾಕಿದರು. ಅವರಲ್ಲಿ ಬಹಳ ಮಂದಿ ಓದು ಮುಗಿಸಲು ನಾಗಪುರದವರೆಗೆ ಹೋದರು. ನಿಮ್ಮ ವಯಸ್ಸಿನವರೇ ಅವರೆಲ್ಲ.

1948ರ ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಭಾರತದೊಳಗ ಸೇರಿತು. 1949ರಲ್ಲಿ ಜಾಗೀರು ರದ್ದು. ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸಿ ಪೇಡೆ ತಿಂತೀವಲ್ಲ, ಆ ದಿನಕ್ಕೆ ಇನ್ನೊಂದು ಅರ್ಥನೂ ಅದ: ಊರಾಗ ಸಾಲಿ ತೆರೆಯೋದು ಯಾರದ್ದೋ ದಯೆ ಅಲ್ಲ, ಸರ್ಕಾರದ ಕೆಲಸ ಅಂತ ಆದದ್ದು ಅಲ್ಲಿಂದ.

#ಕಲಬುರಗಿ #ವಿಮೋಚನಾದಿನ

———

ಭಾಗ 5/10: ಅಜ್ಜಿ ಯಾಕೆ ಹೆಬ್ಬೆಟ್ಟು?

ಇದು ಸರಣಿಯ ಮುಖ್ಯ ಪೋಸ್ಟ್. ನಿಧಾನ ಓದ್ರಿ.

1951ರ ಜನಗಣತಿ. ಹೈದರಾಬಾದ್ ರಾಜ್ಯದಲ್ಲಿ ಅಕ್ಷರ ಬಲ್ಲವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಇವತ್ತಿನ ಕರ್ನಾಟಕ ಇರುವ ಒಟ್ಟು ಪ್ರದೇಶದಲ್ಲಿ ಆಗ ಸುಮಾರು ಶೇ. 19. ಅಂದ್ರ 1956ರ ನವೆಂಬರ್ 1ಕ್ಕೆ ಕರ್ನಾಟಕ ಏಕೀಕರಣ ಆದಾಗ, ಓಟ ಶುರುವಾದದ್ದೇ ಬೇರೆ ಬೇರೆ ಗೆರೆಯಿಂದ.

"ಅದು ಎಪ್ಪತ್ತು ವರ್ಷದ ಹಿಂದಿನ ಮಾತು, ಈಗ ಯಾಕೆ?" ಅಂತೀರಿ. ಒಂದು ಲೆಕ್ಕ ಮಾಡೋಣ.

1951ರಲ್ಲಿ ನಮ್ಮ ತಾಲೂಕಿನಲ್ಲಿ ಒಂದು ಹುಡುಗಿ ಹುಟ್ಟಿದಳು ಅಂತ ಇಟ್ಕೊಳ್ರಿ. ಆಕೆ 1957ಕ್ಕೆ ಸಾಲಿಗೆ ಹೋಗಬೇಕಿತ್ತು. ರಾಜ್ಯ ಸೇರಿ ಆಗ ತಾನೇ ವರ್ಷ. ಊರಾಗ ಸಾಲಿ ಇಲ್ಲ, ಇದ್ರೂ ಹೆಣ್ಣು ಹುಡುಗಿಯನ್ನ ಕಳಿಸಲ್ಲ. ಆಕೆ ಕಲಿಯಲಿಲ್ಲ. 2011ರ ಜನಗಣತಿ ಬಂದಾಗ ಆಕೆಗೆ 60. ಇನ್ನೂ ಅನಕ್ಷರಸ್ಥೆ ಅನ್ನೋ ಪಟ್ಟಿಯಲ್ಲೇ.

ಸಾಕ್ಷರತೆ ಅನ್ನೋ ಅಂಕಿ ಹಿಂಗ. ಅದು ಇವತ್ತಿನ ಸಾಲಿಗಳ ಫೋಟೋ ಅಲ್ಲ. ಕಳೆದ ಅರವತ್ತು-ಎಪ್ಪತ್ತು ವರ್ಷದ ಎಲ್ಲಾ ಸಾಲಿಗಳ, ಎಲ್ಲಾ ಬಜೆಟ್‌ಗಳ ಮೊತ್ತ. ಒಂದು ವರ್ಷ ಖರ್ಚು ಮಾಡದಿದ್ರ ಅದರ ನಷ್ಟ ಆ ವರ್ಷಕ್ಕ ಮುಗಿಯಲ್ಲ. ಆ ಮಗು ಬದುಕಿರೋವರೆಗೂ ಅಂಕಿಯೊಳಗ ಕೂತಿರ್ತದ.

ಮತ್ತೊಂದು: ಓದಿದ ತಾಯಿಯ ಮನೆಯಲ್ಲಿ ಮಗುವಿಗೆ ಹೋಮ್‌ವರ್ಕ್ ಹೇಳಿಕೊಡೋರು ಇರ್ತಾರ. ಓದದ ತಾಯಿಯ ಮನೆಯಲ್ಲಿ ಮಗು ಒಂದನೇ ಇಯತ್ತೆಯಿಂದಲೇ ಒಂಟಿ. 1957ರಲ್ಲಿ ಕಟ್ಟದ ಸಾಲಿಯ ಬಾಕಿಯನ್ನ 1977ರ ಮಗ, 2002ರ ಮೊಮ್ಮಗಳು ತೀರಿಸ್ತಾ ಬಂದಾರ.

ನಿಮ್ಮ ಕ್ಲಾಸಿನಲ್ಲಿ ಎಷ್ಟು ಮಂದಿ ಮನೆಯೊಳಗ ಮೊದಲು ಎಸ್ಸೆಸ್ಸೆಲ್ಸಿ ಪಾಸಾದವರು? ಕಾಮೆಂಟ್‌ನಲ್ಲಿ ಕೈ ಎತ್ರಿ ✋ ನಾಚಿಕೆ ಪಡೋ ವಿಷಯ ಅಲ್ಲ ಅದು. ನೀವು ಹತ್ತನೇ ಇಯತ್ತೆಗೆ ಬರೋಕೆ ನಿಮ್ಮ ಮನೆತನ ಒಂದು ಶತಮಾನದ ದಾರಿ ನಡೆದದ.

#ಸಾಕ್ಷರತೆ #ನಮ್ಮಅಜ್ಜಿ

———

ಭಾಗ 6/10: ಮುಖ್ಯಮಂತ್ರಿ ಕೊಟ್ಟ ತಾಲೂಕು

ಏಕೀಕರಣದ ಮೇಲೆ ಕೆಲಸ ಆಗಲಿಲ್ಲ ಅಂದ್ರ ಸುಳ್ಳಾಗ್ತದ. ಸಾಲಿಗಳು ಬಂದವು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಶುರುವಾಯ್ತು, ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ. ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ಮೆಡಿಕಲ್ ಕಾಲೇಜು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ. ಅಲ್ಲಿಯವರೆಗೆ ನಮ್ಮವರ ಡಿಗ್ರಿ ಸರ್ಟಿಫಿಕೇಟು ಧಾರವಾಡದಿಂದ ಬರಬೇಕಿತ್ತು.

1976ರ ಹೊತ್ತಿಗೆ ಮಲ್ಲಿಕಾರ್ಜುನ ಖರ್ಗೆಯವರು ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾಗಿದ್ದರು. ಪರಿಶಿಷ್ಟ ಜಾತಿ, ಪಂಗಡದ ಶಿಕ್ಷಕರ 16,000ಕ್ಕೂ ಹೆಚ್ಚು ಬಾಕಿ ಹುದ್ದೆಗಳನ್ನ ಆಗ ತುಂಬಿದರು. ಕಟ್ಟಡದ ಉದ್ಘಾಟನೆಯಂಗ ಇದು ಫೋಟೋದಲ್ಲಿ ಕಾಣಲ್ಲ. ಆದರೆ ಯೋಚಿಸ್ರಿ: ಕೇರಿಯ ಮಗು ಸಾಲಿಗೆ ಹೋದಾಗ ಬೋರ್ಡಿನ ಮುಂದೆ ತನ್ನವರೇ ಒಬ್ಬರು ಮಾಸ್ತರ ಆಗಿ ನಿಂತಿದ್ರ ಆ ಮಗುವಿಗೆ ಏನನ್ನಿಸ್ತದ?

ಈಗ ಖಾರದ ಮಾತು. ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿ ಆದರು, 1968ರಿಂದ 71 ಮತ್ತು 1989-90. ಜೇವರ್ಗಿಯ ಧರ್ಮಸಿಂಗ್ 2004ರಲ್ಲಿ ಮುಖ್ಯಮಂತ್ರಿ. ಹೈದರಾಬಾದ್ ಕರ್ನಾಟಕದ ಅಭಿವೃದ್ಧಿ ಬಗ್ಗೆ ಧರ್ಮಸಿಂಗ್ ಸಮಿತಿ 1981ರಲ್ಲೇ ವರದಿ ಕೊಟ್ಟಿತ್ತು. ಅದರ ಮೇಲೆ ಪ್ರದೇಶಾಭಿವೃದ್ಧಿ ಮಂಡಳಿ ಬಂದದ್ದು 1992ಕ್ಕೆ. ವರದಿಗೂ ಮಂಡಳಿಗೂ ನಡುವೆ ಹನ್ನೊಂದು ವರ್ಷ. ವರದಿ ಬಂದ ವರ್ಷ ಒಂದನೇ ಇಯತ್ತೆಗೆ ಸೇರಿದ ಮಗು, ಮಂಡಳಿ ಬರೋ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿಸಿರಬೇಕಿತ್ತು.

"ನಮ್ಮವರು ಕುರ್ಚಿ ಮೇಲೆ ಕೂತ್ರ ಸಾಕು, ಊರು ಉದ್ಧಾರ" ಅನ್ನೋ ನಂಬಿಕೆಗೆ ನಮ್ಮ ತಾಲೂಕಿನ ಇತಿಹಾಸವೇ ಉತ್ತರ. ಕುರ್ಚಿ ಬಂತು. ಆಮೇಲೂ 2002ರಲ್ಲಿ ಏನಾಯ್ತು ನೋಡ್ರಿ, ಮುಂದಿನ ಪೋಸ್ಟ್ 👇

#ಚಿಂಚೋಳಿ #ವೀರೇಂದ್ರಪಾಟೀಲ

———

ಭಾಗ 7/10: ವರದಿ ಬಂತು, ಅನ್ನ ಬಂತು

2002ರ ಜೂನ್‌ನಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ಆಗಿದ್ದ 175 ತಾಲೂಕುಗಳನ್ನ 35 ಸೂಚ್ಯಂಕ ಇಟ್ಕೊಂಡು ಅಳೆದರು. ಸಾಲಿ, ಆಸ್ಪತ್ರೆ, ರಸ್ತೆ, ನೀರಾವರಿ, ಬ್ಯಾಂಕು ಎಲ್ಲಾ. 114 ತಾಲೂಕು ಹಿಂದುಳಿದವು ಅಂತಾಯ್ತು. ಅದರೊಳಗ 39 'ಅತ್ಯಂತ ಹಿಂದುಳಿದವು'. ಆ 39ರೊಳಗ ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಇದ್ದವು. ಎರಡು ಸಲ ಮುಖ್ಯಮಂತ್ರಿ ಕೊಟ್ಟ ತಾಲೂಕು, ಸಿಮೆಂಟ್ ಕೊಟ್ಟ ತಾಲೂಕು, ಕವಿರಾಜಮಾರ್ಗ ಕೊಟ್ಟ ತಾಲೂಕು, ಎಲ್ಲಾ ಒಂದೇ ಪಟ್ಟಿಯೊಳಗ!

ಈ ವರದಿಯ ದೊಡ್ಡ ಉಪಕಾರ ಏನಂದ್ರ, "ನಮಗೆ ಅನ್ಯಾಯ ಆಗ್ಯಾದ" ಅನ್ನೋ ಮಾತನ್ನ ಅಂಕಿಯಾಗಿ ಮಾಡಿತು. ಎಂಟು ವರ್ಷದಲ್ಲಿ ಸುಮಾರು 31,000 ಕೋಟಿ ರೂಪಾಯಿ ಖರ್ಚು ಮಾಡಿ ಅಂತ ಹೇಳಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಿಶೇಷ ಯೋಜನೆಯಾಗಿ. ವಿಶೇಷ ಯೋಜನೆ ಶುರುವಾದದ್ದು 2007-08ರಲ್ಲಿ. ಮತ್ತೆ ಐದು ವರ್ಷ ತಡ.

ಆದರೆ ಅದೇ 2002ರ ಜೂನ್‌ನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ಶುರುವಾಯ್ತು: ಅಕ್ಷರ ದಾಸೋಹ. ಬಿಸಿಯೂಟ. ಇಡೀ ರಾಜ್ಯದೊಳಗ ಮೊದಲು ಉತ್ತರದ ಏಳು ಜಿಲ್ಲೆಗಳಲ್ಲಿ: ಕಲಬುರಗಿ, ಬೀದರ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ. ಬೆಂಗಳೂರಿಗೆ ಹೋಗೋಕ್ಕಿಂತ ಮೊದಲು ನಮಗೆ ಬಂದ ಅಪರೂಪದ ಯೋಜನೆ ಇದು. ಹೆಸರೂ ನಮ್ಮದೇ, ದಾಸೋಹ.

ಅದರ ಅಕ್ಕಪಕ್ಕದಲ್ಲಿ ಬಂದವು ನೋಡ್ರಿ. 1990ರ ದಶಕದ ಕೊನೆಯಲ್ಲಿ ಡಿಪಿಇಪಿ ಯೋಜನೆಯಲ್ಲಿ ಹೊಸ ಕೋಣೆಗಳು. ಸಾಲಿ ಬಿಟ್ಟ ಮಕ್ಕಳಿಗೆ 'ಚಿಣ್ಣರ ಅಂಗಳ'. 2006ರಿಂದ ಎಂಟನೇ ಇಯತ್ತೆಗೆ ಸೈಕಲ್. 2021ರ ಡಿಸೆಂಬರ್‌ನಿಂದ ನಮ್ಮ ಭಾಗದ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ.

ಇವುಗಳಲ್ಲಿ ಒಂದು ಸಾಮಾನ್ಯ ಗುಣ ಅದ. ರೊಕ್ಕ ನೇರ ಮಗುವಿನ ತಟ್ಟೆಗೆ, ಕೈಗೆ, ಕಾಲಿಗೆ ಮುಟ್ಟಿತು. ನಡುವೆ ಗುತ್ತಿಗೆದಾರನಿಗೆ ಹೆಚ್ಚು ಜಾಗ ಇರಲಿಲ್ಲ. ಊಟ ಕೊಟ್ಟಿಲ್ಲ ಅಂದ್ರ ಮಧ್ಯಾಹ್ನ ಒಂದು ಗಂಟೆಗೇ ಊರಿಗೆಲ್ಲಾ ಗೊತ್ತಾಗ್ತದ. ಅದಕ್ಕೇ ಅದು ನಡೀತದ.

#ಅಕ್ಷರದಾಸೋಹ #ನಂಜುಂಡಪ್ಪವರದಿ

———

ಭಾಗ 8/10: ಅಂಕಿ ಓದೋದು ಹೆಂಗ?

ಕಲಬುರಗಿ ಜಿಲ್ಲೆಯ ಸಾಕ್ಷರತೆ (7 ವರ್ಷ ಮೇಲ್ಪಟ್ಟವರು):

1991: ಶೇ. 38.54 (ರಾಜ್ಯ 56.04)
2001: ಶೇ. 50.01 (ರಾಜ್ಯ 66.64)
2011: ಶೇ. 64.85 (ರಾಜ್ಯ 75.36)

ಇಪ್ಪತ್ತು ವರ್ಷದಲ್ಲಿ 26 ಅಂಶ ಏರಿಕೆ. ರಾಜ್ಯಕ್ಕೂ ನಮಗೂ ಇದ್ದ ಅಂತರ ಹದಿನೇಳೂವರೆಯಿಂದ ಹತ್ತೂವರೆಗೆ ಇಳೀತು. ಭಾಷಣದಲ್ಲಿ ಇದನ್ನೇ ಹೇಳ್ತಾರ, ಚಪ್ಪಾಳೆ ಬೀಳ್ತದ.

ತಡೀರಿ. ಒಂದು ಗುಟ್ಟು ಅದ. 2001ರ ಕಲಬುರಗಿ ಮತ್ತು 2011ರ ಕಲಬುರಗಿ ಒಂದೇ ಅಲ್ಲ! ನಡುವೆ ಯಾದಗಿರಿ ಬೇರೆ ಜಿಲ್ಲೆ ಆಯ್ತು. ಯಾದಗಿರಿಯ 2011ರ ಸಾಕ್ಷರತೆ ಶೇ. 51.83. ಕಡಿಮೆ ಅಂಕಿಯ ಭಾಗ ಹೊರಗ ಹೋದದ್ದಕ್ಕ ಉಳಿದ ಭಾಗದ ಸರಾಸರಿ ತಾನಾಗೇ ಮೇಲೆ ಬಂತು. ಎರಡೂ ಜಿಲ್ಲೆಯನ್ನ ಜನಸಂಖ್ಯೆ ನೋಡಿ ಮತ್ತೆ ಸೇರಿಸಿದ್ರ ಸರಾಸರಿ ಶೇ. 61ರ ಹತ್ತಿರ ಬರ್ತದ. ಅಂತರ ಹತ್ತೂವರೆ ಅಲ್ಲ, ಹದಿನಾಲ್ಕರ ಮೇಲೆ. ಪ್ರಗತಿ ಖರೆ, ಆದರೆ ಅಷ್ಟಲ್ಲ. ಗಡಿ ಬದಲಾದಾಗ ಅಂಕಿಯೂ ಬದಲಾಗ್ತದ ಅನ್ನೋದನ್ನ ಸ್ಪರ್ಧಾತ್ಮಕ ಪರೀಕ್ಷೆ ಬರೆಯೋರು ಬರೆದಿಟ್ಕೊಳ್ರಿ.

ಇನ್ನೊಂದು ಒಡಕು ಒಳಗೇ ಅದ. 2011ರಲ್ಲಿ ಕಲಬುರಗಿ ಜಿಲ್ಲೆಯ ಗಂಡಸರು ಶೇ. 74.38, ಹೆಂಗಸರು ಶೇ. 55.09. ಹತ್ತೊಂಬತ್ತು ಅಂಶದ ಅಂತರ. ನಮ್ಮ ಗಂಡಸರ ಅಂಕಿ ರಾಜ್ಯದ ಒಟ್ಟು ಸರಾಸರಿಗೆ ಹತ್ತಿರ ಹತ್ತಿರ ಅದ. ಅಂದ್ರ ನಾವು 'ಹಿಂದುಳಿದ ಜಿಲ್ಲೆ' ಅನ್ನೋದರ ದೊಡ್ಡ ಪಾಲು 'ಹೆಣ್ಣುಮಕ್ಕಳನ್ನ ಹಿಂದಿಟ್ಟ ಜಿಲ್ಲೆ' ಅನ್ನೋದು. ಇದರ ತಪ್ಪನ್ನ ಪೂರ್ತಿ ನಿಜಾಮನ ಮೇಲೆ, ಬೆಂಗಳೂರಿನ ಮೇಲೆ ಹಾಕೋಕೆ ಬರಲ್ಲ. ಇದರಲ್ಲಿ ನಮ್ಮ ಮನೆ ಕಟ್ಟೆಯ ಪಾಲೂ ಅದ.

2021ರ ಜನಗಣತಿ ನಡೆಯಲೇ ಇಲ್ಲ. ಹೊಸ ಎಣಿಕೆ 2027ಕ್ಕೆ ಅಂತ ಘೋಷಣೆ ಆಗ್ಯಾದ. ಅಲ್ಲಿಯವರೆಗೆ ನಾವು ಬಳಸೋದು 2011ರ ಹಳೇ ಅಂಕಿಯೇ.

#ಜನಗಣತಿ #ಯಾದಗಿರಿ

———

ಭಾಗ 9/10: 371(ಜೆ) ಕೊಟ್ಟದ್ದು, ಕೊಡದೆ ಇದ್ದದ್ದು

ಚಿಂಚೋಳಿಯಿಂದ ಶಾಸಕರಾಗಿದ್ದ ವೈಜನಾಥ ಪಾಟೀಲರ ಹೆಸರು ನಿಮಗೆ ಗೊತ್ತಿರಬೇಕು. ಆಂಧ್ರಪ್ರದೇಶಕ್ಕೆ 371(ಡಿ) ಕೊಟ್ಟಂಗ ನಮಗೂ ಸಂವಿಧಾನದೊಳಗೇ ವಿಶೇಷ ಸ್ಥಾನ ಬೇಕು ಅಂತ ವರ್ಷಗಟ್ಟಲೆ ಹೋರಾಡಿದರು. ಮನವಿ, ಧರಣಿ, ಬಂದ್. ಕೊನೆಗೆ 2012ರ ಡಿಸೆಂಬರ್‌ನಲ್ಲಿ ಸಂಸತ್ತು ತಿದ್ದುಪಡಿ ಒಪ್ಪಿತು, 2013ರಲ್ಲಿ 371(ಜೆ) ಜಾರಿಗೆ ಬಂತು. 2019ರಲ್ಲಿ ನಮ್ಮ ಭಾಗದ ಹೆಸರು ಕಲ್ಯಾಣ ಕರ್ನಾಟಕ ಆಯ್ತು.

ಇದು ನಿಮಗೆ ಕೊಟ್ಟದ್ದು: ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ. ರಾಜ್ಯದ ಬೇರೆ ಕಡೆ ಶೇ. 8. ಇಲ್ಲಿನ ಸರ್ಕಾರಿ ನೌಕರಿಯಲ್ಲಿ ದರ್ಜೆ ನೋಡಿ ಶೇ. 75ರಿಂದ 85ರವರೆಗೆ ಮೀಸಲು. ಇವತ್ತು ನಿಮ್ಮ ಊರಿನಿಂದ ಯಾರಾದರೂ ಎಂಬಿಬಿಎಸ್ ಓದ್ತಾ ಇದ್ರ ಅದರ ಹಿಂದೆ ಈ ಅನುಚ್ಛೇದದ ಕೈ ಇರೋ ಸಾಧ್ಯತೆ ಬಹಳ. ಅಂದಹಾಗೆ ಸರ್ಟಿಫಿಕೇಟ್ ಮಾಡಿಸದೇ ಇರೋರು ಸಿಇಟಿ ಬರೋವರೆಗೆ ಕಾಯಬ್ಯಾಡ್ರಿ, ಈಗಲೇ ಅರ್ಜಿ ಹಾಕ್ರಿ.

ರೊಕ್ಕವೂ ಬಂತು. ಮಂಡಳಿಯ ವಾರ್ಷಿಕ ಅನುದಾನ 1,500 ಕೋಟಿಯಿಂದ 3,000 ಕೋಟಿಗೆ, ಆಮೇಲೆ 5,000 ಕೋಟಿಗೆ ಏರಿತು. ಅದರಲ್ಲಿ ಶಿಕ್ಷಣಕ್ಕೆ ಶೇ. 25 ಅಂತ 'ಅಕ್ಷರ ಆವಿಷ್ಕಾರ' ಬಂದದ.

ಹಂಗಾದ್ರ 42.43 ಯಾಕೆ?

ಒಂದು ಕಾರಣ ಇದು. 371(ಜೆ) ಏಣಿಯ ಮೇಲಿನ ಮೆಟ್ಟಿಲನ್ನ ಗಟ್ಟಿ ಮಾಡಿತು: ಮೆಡಿಕಲ್ ಸೀಟು, ಇಂಜಿನಿಯರಿಂಗ್ ಸೀಟು, ನೌಕರಿ. ಆದರೆ ಹತ್ತನೇ ಇಯತ್ತೆಯಲ್ಲೇ ಜಾರಿದ ಹುಡುಗನಿಗೆ ಶೇ. 70 ಮೀಸಲಾತಿ ಏನು ಮಾಡ್ತದ? ಆ ಬಾಗಿಲಿನವರೆಗೆ ಅವನು ಬರೋದೇ ಇಲ್ಲ. ಭಾಗ 2ರ ನಾಗಾವಿ, ಭಾಗ 3ರ ಉಸ್ಮಾನಿಯಾ ನೆನಪಾಯ್ತಾ? ಮೇಲೆ ಖರ್ಚು, ಕೆಳಗೆ ಖಾಲಿ. ರೂಪ ಬದಲಾಗ್ಯಾದ, ಕಥಿ ಅದೇ.

ಎರಡನೇ ಕಾರಣ ಮಾಸ್ತರು. ಮಂಡಳಿ ರೊಕ್ಕದಿಂದ ಕೋಣೆ ಕಟ್ಟಬಹುದು, ಡೆಸ್ಕ್ ತರಬಹುದು, ಸ್ಮಾರ್ಟ್ ಬೋರ್ಡ್ ಹಾಕಬಹುದು. ಕಾಯಂ ಶಿಕ್ಷಕರ ನೇಮಕ ಆಗೋದು ಶಿಕ್ಷಣ ಇಲಾಖೆಯಿಂದ. ಕೋಣೆ ಉದ್ಘಾಟನೆ ಆರು ತಿಂಗಳಲ್ಲಿ ಆಗ್ತದ, ಗಣಿತದ ಮಾಸ್ತರ ಹುದ್ದೆ ತುಂಬೋದು ವರ್ಷಗಟ್ಟಲೆ ಆಗ್ತದ. ಗೋಡೆ ಪಾಠ ಹೇಳಲ್ಲ.

#371ಜೆ #ಕಲ್ಯಾಣಕರ್ನಾಟಕ

———

ಭಾಗ 10/10: ನಮ್ಮ ಕೈಯಲ್ಲಿ ಏನದ?

ಕೊನೆಯ ಪೋಸ್ಟ್. ನಮ್ಮ ಭಾಗದ್ದೇ ಎರಡು ವಿಷಯ, ಆಮೇಲೆ ಮುಗಿಸ್ತೀನಿ.

ಮೊದಲನೇದು ತಾಂಡಾ. ಚಿಂಚೋಳಿ, ಕಾಳಗಿ, ಸೇಡಂ ಕಡೆಯ ತಾಂಡಾಗಳಿಂದ ದಸರೆ-ದೀಪಾವಳಿ ಮುಗಿದ ಮೇಲೆ ಮಂದಿ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯೋಕೆ ಹೋಗ್ತಾರ. ಮಗುವನ್ನ ಯಾರ ಹತ್ತಿರ ಬಿಡೋದು? ಜೊತೆಗೆ ಕರ್ಕೊಂಡು ಹೋಗ್ತಾರ. ಹಾಜರಿ ಪುಸ್ತಕದಲ್ಲಿ ಹೆಸರು ಇರ್ತದ, ಬೆಂಚಿನ ಮೇಲೆ ಮಗು ಇರಲ್ಲ. ಅದಕ್ಕ ಮದ್ದು ಅಂದ್ರ ಋತುಮಾನದ ಹಾಸ್ಟೆಲ್: ಅಪ್ಪ-ಅವ್ವ ವಾಪಸ್ ಬರೋವರೆಗೆ ಮಗು ಊರಲ್ಲೇ ಉಳಿದು ಓದೋ ವ್ಯವಸ್ಥೆ. ಕೋಟಿಗಟ್ಟಲೆ ಬೇಕಿಲ್ಲ, ಸರಿಯಾದ ತಿಂಗಳಲ್ಲಿ ಬೇಕು. ಜನವರಿಯಲ್ಲಿ ಮಂಜೂರಾದ್ರ ನವೆಂಬರ್‌ನಲ್ಲಿ ಹೋದ ಮಗುವಿಗೆ ಪ್ರಯೋಜನ ಇಲ್ಲ.

ಎರಡನೇದು ಕಲ್ಲು. ಶಹಾಬಾದಿ ಫರ್ಸಿ ದೇಶದ ಎಷ್ಟೋ ಮನೆಗಳ ನೆಲದಲ್ಲಿ ಅದ. ವಾಡಿ, ಶಹಾಬಾದ್, ಮಳಖೇಡ, ಸೇಡಂ ಸಿಮೆಂಟು ಎಲ್ಲೆಲ್ಲೋ ಕಟ್ಟಡ ಆಗ್ಯಾದ. ಕಾರ್ಖಾನೆ ಕಾಲೊನಿಯೊಳಗ ಒಳ್ಳೆ ಸಾಲಿ, ಗೋಡೆ ಆಚೆ ಹಳ್ಳಿಯೊಳಗ ಸೋರೋ ಕೋಣೆ, ಈ ದೃಶ್ಯ ನಮಗೆಲ್ಲಾ ಗೊತ್ತು. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಕಾನೂನಿನಲ್ಲೇ ಒಂದು ನಿಧಿ ಅದ. ಸುಣ್ಣದ ಕಲ್ಲು ಅಗೆಯೋರು ರಾಜಧನದ ಜೊತೆ ಇದಕ್ಕೂ ಪಾಲು ಕೊಡಬೇಕು. ಮೂಲ ನಿಯಮದ ಪ್ರಕಾರ ಕನಿಷ್ಠ ಶೇ. 60 ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಗೆ, ಗಣಿಯಿಂದ ತೊಂದರೆ ಆದ ಊರುಗಳಿಗೆ. ಅಂದ್ರ ನಮ್ಮ ನೆಲದ ಕಲ್ಲಿನ ರೊಕ್ಕಕ್ಕ ನಮ್ಮ ಸಾಲಿ ಹಕ್ಕುದಾರ.

ಹಂಗಾದ್ರ ನೀವು ಮಾಡಬಹುದಾದ್ದು ಏನು?

✅ ನಿಮ್ಮೂರಿನ ಸರ್ಕಾರಿ ಸಾಲಿಗೆ ಎಸ್‌ಡಿಎಂಸಿ ಅದ. ಅದರ ಸದಸ್ಯರು ಯಾರು, ಸಭೆ ಯಾವಾಗ ಆಯ್ತು ಕೇಳ್ರಿ. ಅಪ್ಪ-ಅವ್ವ ಸದಸ್ಯರಾಗಿದ್ರ ಜೊತೆಗೆ ಹೋಗ್ರಿ.

✅ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ: ನಮ್ಮ ಸಾಲಿಗೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು?

✅ ಮಾಹಿತಿ ಹಕ್ಕಿನಲ್ಲಿ ಕೇಳ್ರಿ: ಕಳೆದ ಮೂರು ವರ್ಷದಲ್ಲಿ ಮಂಡಳಿಯಿಂದ, ಖನಿಜ ನಿಧಿಯಿಂದ ನಮ್ಮ ಪಂಚಾಯಿತಿಯ ಸಾಲಿಗಳಿಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು? ಅರ್ಜಿ ಶುಲ್ಕ ಹತ್ತು ರೂಪಾಯಿ. ಒಂದು ಚಾ ರೊಕ್ಕ.

✅ ಮನೆಯಲ್ಲಿ, ಓಣಿಯಲ್ಲಿ ಎಸ್ಸೆಸ್ಸೆಲ್ಸಿ ಫೇಲ್ ಆದ ತಮ್ಮ-ತಂಗಿ ಇದ್ರ ಮತ್ತೆ ಪರೀಕ್ಷೆ ಬರೆಸ್ರಿ. ಹೊಲಕ್ಕ, ಮದುವೆಗೆ ಕಳಿಸೋಕ್ಕಿಂತ ಮೊದಲು ಒಂದು ಸಲ. ತಂಗಿಗಂತೂ ಖಂಡಿತ.

ಸಾವಿರ ವರ್ಷದ ಲೆಕ್ಕದಲ್ಲಿ ನನಗೆ ಕಂಡದ್ದು ಇಷ್ಟು. ನಮ್ಮ ನೆಲದಲ್ಲಿ ಓದಿಗೆ ರೊಕ್ಕ ಇರಲಿಲ್ಲ ಅನ್ನೋ ಕಾಲ ಬಹಳ ಕಡಿಮೆ. ಅದು ಕೊನೆಯ ಬೆಂಚಿನವರೆಗೆ ಮುಟ್ಟಿದ ಕಾಲ ಇನ್ನೂ ಕಡಿಮೆ. ಮುಟ್ಟಿದಾಗೆಲ್ಲಾ, ಬಿಸಿಯೂಟದ ತಟ್ಟೆ ಇರಲಿ, ಕೇರಿಯಿಂದ ಬಂದ ಮಾಸ್ತರ ಇರಲಿ, ಮಗು ಸಾಲಿಯಲ್ಲಿ ಉಳಿಯೋಕೆ ಒಂದು ಕಾರಣ ಸಿಕ್ಕದ. ಮಂದಿ ದಡ್ಡರಾಗಿದ್ರ ಜೋಳಿಗೆ ಹಿಡಿದು ಸಾಲಿ ಕಟ್ಟುತ್ತಿರಲಿಲ್ಲ.

2027ರಲ್ಲಿ ಗಣತಿಯವರು ನಿಮ್ಮ ಮನಿ ಬಾಗಿಲಿಗೂ ಬರ್ತಾರ. ಓದು-ಬರಹ ಬರ್ತದೇನು ಅಂತ ಎಲ್ಲರ ಬಗ್ಗೆ ಕೇಳ್ತಾರ. ಅಜ್ಜಿಯ ಬಗ್ಗೆಯೂ. ಅಷ್ಟರೊಳಗ ಆಕೆಗೆ ಹೆಸರು ಬರೆಯೋದು, ಬಸ್ಸಿನ ಬೋರ್ಡು ಓದೋದು ಕಲಿಸೋಕೆ ಯಾವ ಬಜೆಟ್ಟೂ ಬೇಕಿಲ್ಲ. ಸಂಜಿ ಅರ್ಧ ತಾಸು ಸಾಕು.

ನಿಮ್ಮ ಸಾಲಿಯ ಹೆಸರು, ಅದು ಶುರುವಾದ ವರ್ಷ ಕಾಮೆಂಟ್‌ನಲ್ಲಿ ಹಾಕ್ರಿ. ಒಂದು ಪಟ್ಟಿ ಮಾಡೋಣ. 🙏

#ಚಂದಾಪುರ #ಚಿಂಚೋಳಿ #ಸೇಡಂ #ಚಿತ್ತಾಪುರ #ವಾಡಿ #ಶಹಾಬಾದ್ #ಕಲ್ಯಾಣಕರ್ನಾಟಕ #ನಮ್ಮಸಾಲಿ